ಎಂಬತ್ತೈದರ ಲೆನ್ಸು, ನೀಲಿ ಸೀರೆ

ಯಾವ ಲೆನ್ಸ್ ತಗೊಳ್ಳಲಿ ಎಂದು ಕೇಳಿಕೊಂಡು ಹೊನ್ನಾವರದ ನನ್ನ ಸ್ಟುಡಿಯೋಕ್ಕೆ ಈಗಲೂ ಜನ ಬರುತ್ತಾರೆ. ಹೊಸದಾಗಿ ಮಿರರ್‌ಲೆಸ್ ಕ್ಯಾಮೆರಾ ಕೊಂಡವರು, ಮದುವೆ ವಿಡಿಯೋ ಮಾಡಿ ಬದುಕಬಹುದು ಎಂದು ನಂಬಿದವರು. ಬರುವ ಮೊದಲೇ ಫೋನಿನಲ್ಲಿ ಹತ್ತಾರು ವಿಡಿಯೋ ನೋಡಿ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಾರೆ. ನಾನು ಹೂಂ ಅಂದರೆ ಸಾಕು ಅವರಿಗೆ. ವಾದ ಮಾಡುವ ತ್ರಾಣ ನನಗೂ ಇಲ್ಲ. ಯಾವುದಾದರೂ ತಗೊಳ್ಳಿ, ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಮಾತ್ರ ಮಾರಬೇಡಿ ಅನ್ನುತ್ತೇನೆ. ಇವನಿಗೆ ವಯಸ್ಸಾಯಿತು ಎಂದುಕೊಂಡು ಎದ್ದು ಹೋಗುತ್ತಾರೆ.

ವಯಸ್ಸಾದದ್ದು ಹೌದು. ಇಪ್ಪತ್ತೈದು ವರ್ಷ ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿ ಸವೆಸಿ ಊರವರ ಮದುವೆ ಹಿಡಿದಿದ್ದೇನೆ. ಮೊದಲು ಹೆಗಲ ಮೇಲೆ ಹೊರುವ ಕ್ಯಾಮೆರಾ ಇತ್ತು, ಅದು ಹೆಗಲು ತಿಂದಿತು. ಈಗಿನದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಆದರೆ ಅದನ್ನು ಅಲುಗದ ಹಾಗೆ ಹಿಡಿಯುವ ಗಿಂಬಲ್ ಎಂಬ ಕೋಲು ಮಣಿಕಟ್ಟು ತಿನ್ನುತ್ತಿದೆ. ಮದುವೆ ಸೀಸನ್ ಮುಗಿಯುವ ಹೊತ್ತಿಗೆ ಚಹಾ ಲೋಟ ಎತ್ತಿದರೂ ಕೈ ನಡುಗುತ್ತದೆ. ಕ್ಯಾಮೆರಾ ಹಗುರಾಯಿತು, ಕೆಲಸ ಹಗುರಾಗಲಿಲ್ಲ.

ನನ್ನ ಹತ್ತಿರ ಇರುವ ಎಂಬತ್ತೈದು ಎಂಎಂ ಲೆನ್ಸ್ ಆರಿಸಲು ನಾನು ತಗೊಂಡಷ್ಟು ಕಾಲ ಹೆಣ್ಣು ನೋಡುವವರೂ ತಗೊಳ್ಳಲಿಕ್ಕಿಲ್ಲ. ಮೂವತ್ತೈದೋ ಐವತ್ತೋ ಎಂಬತ್ತೈದೋ ಎಂದು ಒಂದು ಮಳೆಗಾಲವಿಡೀ ತಲೆ ಕೆಡಿಸಿಕೊಂಡೆ. ನಮ್ಮ ಕಡೆ ಮಳೆಗಾಲದಲ್ಲಿ ಲೆನ್ಸ್ ಒಳಗೆ ಬೂಷ್ಟು ಹಿಡಿಯುತ್ತದೆ. ಕಪಾಟಿನೊಳಗೆ ಬಲ್ಬು ಉರಿಸಿಟ್ಟು, ಡಬ್ಬಿಯೊಳಗೆ ತೇವ ಹೀರುವ ಪೊಟ್ಟಣ ಹಾಕಿ, ಬಾಣಂತಿಗಿಂತ ಹೆಚ್ಚು ನೋಡಿಕೊಳ್ಳಬೇಕು. ಇಷ್ಟೆಲ್ಲ ಮಾಡುವುದಿದ್ದರೆ ಒಳ್ಳೆಯದನ್ನೇ ಮಾಡೋಣ ಎಂದು ಕೊನೆಗೆ ಎಂಬತ್ತೈದನ್ನೇ ತಂದೆ. ಅದರ ಬಾಯಿ ಪೂರ್ತಿ ತೆರೆದರೆ ಎದುರಿನ ಮುಖ ಮಾತ್ರ ಸ್ಪಷ್ಟ, ಹಿಂದಿನದೆಲ್ಲ ಕರಗಿ ಬಣ್ಣ ಬಣ್ಣದ ಮಸುಕು. ಅಪ್ಸರಕೊಂಡದ ಜಲಪಾತದ ಮುಂದೆ ಜೋಡಿಯನ್ನು ನಿಲ್ಲಿಸಿ, ಜಲಪಾತವೇ ಗುರುತು ಸಿಗದ ಹಾಗೆ ಮಸುಕು ಮಾಡಿ ಕೊಟ್ಟರೆ ಸಿನಿಮಾ ಹಾಗೆ ಬಂದಿದೆ ಎಂದು ಜನ ಖುಷಿಪಡುತ್ತಾರೆ. ಹಾಗಾದರೆ ಅಲ್ಲಿಯವರೆಗೆ ಯಾಕೆ ಹೋಗಬೇಕಿತ್ತು ಎಂದು ನಾನು ಕೇಳುವುದಿಲ್ಲ.

ಆ ಲೆನ್ಸ್ ನನಗೆ ಹಿಡಿಸಲು ಇನ್ನೊಂದು ಕಾರಣವಿತ್ತು. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ನಾನು ಕೆಲಸ ಕಲಿತದ್ದು ಕುಮಟಾದ ಒಂದು ಹಳೆಯ ಸ್ಟುಡಿಯೋದಲ್ಲಿ. ಯಜಮಾನರು ಒಳ್ಳೆಯವರು, ಕೈಹಿಡಿದು ಕಲಿಸಿದರು. ಮೊದಲ ವಾರವೇ ಅವರು ಹೇಳಿಕೊಟ್ಟ ನಿಯಮವೆಂದರೆ, ಧಾರೆಯ ಹೊತ್ತಿಗೆ ಕುಂಕುಮವಿಲ್ಲದ ಹೆಂಗಸಿನ ಮುಖ ಚೌಕಟ್ಟಿನೊಳಗೆ ಬರಬಾರದು, ಬಂದರೆ ಕತ್ತರಿಸಬೇಕು. ಹಾಗೆ ಬಂದ ಒಂದು ಕ್ಯಾಸೆಟ್ಟನ್ನು ಗಂಡಿನ ಕಡೆಯವರು ಸ್ಟುಡಿಯೋ ಬಾಗಿಲಿಗೆ ತಂದು ಬಿಸಾಡಿ ಹೋಗಿದ್ದರಂತೆ. ಅಂದಿನಿಂದ ನಾನೂ ಕತ್ತರಿಸುತ್ತ ಬಂದೆ. ಯಾರ್ಯಾರ ಅಜ್ಜಿ, ಅತ್ತೆ, ಅಕ್ಕಂದಿರನ್ನು ತೆಗೆದೆನೋ ಲೆಕ್ಕವಿಲ್ಲ. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಪೆನ್‌ಡ್ರೈವ್ ಬಂತು. ಹೀಗೆ ಮಾಡು ಎಂದು ಈಗೀಗ ಯಾರೂ ಹೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ಎಂಬತ್ತೈದರ ಲೆನ್ಸ್ ಬಂದ ಮೇಲೆ ಕತ್ತರಿಸುವ ಕಷ್ಟವೂ ತಪ್ಪಿತು. ಹಿಂದೆ ನಿಂತವರು ತಾವಾಗಿಯೇ ಮಸುಕಾಗುತ್ತಿದ್ದರು.

ನನಗೆ ಆ ನಾಚಿಕೆ ಹತ್ತಿಸಿದ ಮದುವೆ ನಡೆದದ್ದು ಕುಮಟಾದ ಒಂದು ಕಲ್ಯಾಣ ಮಂಟಪದ ಹಾಲಿನಲ್ಲಿ. ಹುಡುಗಿ ಹೊನ್ನಾವರದ ಬಂದರಿನ ಕಡೆಯವಳು, ಹುಡುಗ ಭಟ್ಕಳದ ಜಾಲಿಯವನು. ಎರಡೂ ಮೀನುಗಾರರ ಮನೆ. ನನ್ನ ಹತ್ತಿರ ಮಾತಾಡಿ ಗೊತ್ತು ಮಾಡಿದವನು ಹುಡುಗಿಯ ಚಿಕ್ಕಪ್ಪ. ಅವಳಿಗೆ ಅಪ್ಪ ಇಲ್ಲ, ಧಾರೆ ಎರೆಯುವುದು ತಾನು ಮತ್ತು ತನ್ನ ಹೆಂಡತಿ ಎಂದು ಅವನೇ ಹೇಳಿದ್ದ. ಅಮ್ಮ ಇದ್ದಾಳೋ ಎಂದು ನಾನು ವಿಚಾರಿಸಲಿಲ್ಲ. ಯಾರು ಎದುರು ನಿಲ್ಲುತ್ತಾರೆ ಎಂದು ಗೊತ್ತಾದರೆ ನನ್ನ ಕೆಲಸಕ್ಕೆ ಸಾಕಾಗಿತ್ತು.

ಮುಹೂರ್ತ ಹತ್ತಿರವಾದಾಗ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಧಾರೆಗೆಂದು ಲೆನ್ಸ್ ಬದಲಿಸಿ ಎಂಬತ್ತೈದು ಹಾಕಿಕೊಂಡೆ. ಉಳಿದ ಲೆನ್ಸುಗಳಿದ್ದ ಬ್ಯಾಗ್ ಎಲ್ಲಿಡುವುದು? ಅದರ ಹಿಂದಿನ ತಿಂಗಳಷ್ಟೇ ಒಂದು ಮದುವೆಯಲ್ಲಿ ಯಾರೋ ಬ್ಯಾಗ್ ಎಡವಿ ಒಂದು ಲೆನ್ಸಿನ ಗಾಜು ಒಡೆದಿತ್ತು. ಊಟದ ಹಾಲಿಗೆ ಹೋಗುವ ಬಾಗಿಲ ಬಳಿ ನೀಲಿ ಸೀರೆಯ ಹೆಂಗಸೊಬ್ಬರು ಒಬ್ಬರೇ ನಿಂತಿದ್ದರು. ಹಣೆ ಬರಿದಾಗಿತ್ತು. ಇವರು ಹೇಗೂ ಮುಂದೆ ಬರುವವರಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ. "ಅಕ್ಕಾ, ಈ ಬ್ಯಾಗ್ ಸ್ವಲ್ಪ ನೋಡ್ಕಳಿ. ನಾ ಬರೋತನ್ಕ ಇಲ್ಲಿಂದ ಅಲ್ಲಾಡಬೇಡಿ" ಎಂದು ಅವರ ಕೈಗೆ ಕೊಟ್ಟು ವೇದಿಕೆ ಹತ್ತಿದೆ. ಧಾರೆ ಚೆನ್ನಾಗಿ ಬಂತು. ಅರ್ಧ ಗಂಟೆ ಬಿಟ್ಟು ಹೋದಾಗ ಬ್ಯಾಗ್ ಕೊಟ್ಟ ಕೈಯಲ್ಲೇ ಇತ್ತು. ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಆಮೇಲೆ ಎಡಿಟಿಂಗ್. ಅದೊಂದು ಬೇರೆಯದೇ ಗೋಳು. ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಬಿಟ್ಟು ಪುಕ್ಕಟೆ ಸಿಗುವ ಒಂದಕ್ಕೆ ಬಂದಿದ್ದೆ. ಅದು ಬಣ್ಣ ತಿದ್ದುವುದರಲ್ಲಿ ಜಾಣ, ಆದರೆ ನನ್ನ ಕಂಪ್ಯೂಟರಿಗೆ ಅದನ್ನು ಹೊರುವ ಶಕ್ತಿ ಇಲ್ಲ. ಫೈಲುಗಳನ್ನೆಲ್ಲ ಮೊದಲು ಸಣ್ಣ ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಬೇಕು. ಕರೆಂಟು ಹೋದರೆ ಮತ್ತೆ ಮೊದಲಿಂದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹದಿನೈದು ದಿನ ಕೂತೆ. ಅಕ್ಷತೆ ಬೀಳುವುದನ್ನು ನಿಧಾನ ಮಾಡಿದೆ, ಹುಡುಗಿಯ ಕಣ್ಣೀರಿಗೆ ಕೊಳಲು ಹಾಕಿದೆ. ಎರಡು ಕಡೆ ಚೌಕಟ್ಟಿನ ಅಂಚಿನಲ್ಲಿ ನೀಲಿ ಸೀರೆಯೊಂದು ಸ್ವಲ್ಪ ಸ್ಪಷ್ಟವಾಗಿಯೇ ಕಂಡಿತು. ಕತ್ತರಿಸಿದೆ, ಕತ್ತರಿಸಿದ್ದನ್ನು ಅಳಿಸಿಯೂ ಹಾಕಿದೆ. ಕೈ ತಾನಾಗಿ ಮಾಡಿದ ಕೆಲಸ ಅದು.

ವಿಡಿಯೋ ಕೊಟ್ಟು ತಿಂಗಳಾಗಿರಬೇಕು. ಒಂದು ದಿನ ಹನ್ನೊಂದು ಗಂಟೆ ಹೊತ್ತಿಗೆ ಒಣಮೀನಿನ ಬುಟ್ಟಿಯನ್ನು ಹೊರಗಿನ ಮೆಟ್ಟಿಲ ಮೇಲಿಟ್ಟು ಹೆಂಗಸೊಬ್ಬರು ಒಳಗೆ ಬಂದರು. ಗುರುತು ಹತ್ತಲಿಲ್ಲ. ತಾನು ಇಂಥ ಹುಡುಗಿಯ ತಾಯಿ ಎಂದರು. ಕೂರಿ ಅಂದರೆ ಸೀರೆಗೆ ಮೀನಿನ ವಾಸನೆ ಇದೆಯೆಂದು ಕೂರಲಿಲ್ಲ.

"ಅಣ್ಣಾ, ಆ ವಿಡಿಯೋದಲ್ಲಿ ನಾನು ಎಲ್ಲಾದ್ರೂ ಇದ್ದೆನೋ ನೋಡ್ತ್ರಾ?"

ನಿಂತುಕೊಂಡೇ ವಿಷಯ ಹೇಳಿದರು. ಮನೆಯ ಟಿವಿಗೆ ಪೆನ್‌ಡ್ರೈವ್ ಹಾಕಿ ಕೇರಿಯವರೆಲ್ಲ ಕೂತು ನೋಡಿದ್ದರು. ಪ್ರತಿಯೊಬ್ಬರೂ ತಮ್ಮ ತಮ್ಮ ಮುಖ ಕಂಡು ನಕ್ಕಿದ್ದರು. ಇವರೊಬ್ಬರು ಮಾತ್ರ ಎಲ್ಲಿಯೂ ಇರಲಿಲ್ಲ. ಅದು ಹೋಗಲಿ ಎಂದುಕೊಂಡಿದ್ದರಂತೆ. ಆದರೆ ಭಟ್ಕಳದಲ್ಲಿ ಮಗಳೂ ನೋಡಿದ್ದಳು. ಮದುವೆಗೆ ಮೊದಲು ಅವಳು ಅಮ್ಮನಿಂದ ಒಂದು ಮಾತು ತಗೊಂಡಿದ್ದಳು. ಧಾರೆ ಎರೆಯುವುದು ಯಾರೇ ಆಗಲಿ, ನೀನು ಒಳಗೆ ಅಡಗಿ ಕೂರಬಾರದು, ಮುಂದೆ ಬಂದು ನನ್ನ ಕಣ್ಣಿಗೆ ಕಾಣುವ ಹಾಗೆ ನಿಲ್ಲಬೇಕು ಎಂದು. ಅದಕ್ಕೆಂದೇ ಕುಮಟಾದ ಅಂಗಡಿಯಲ್ಲಿ ತಾನೇ ಆರಿಸಿ ನೀಲಿ ಸೀರೆ ಕೊಡಿಸಿದ್ದಳು. ಧಾರೆಯ ಹೊತ್ತಿಗೆ ತಲೆ ಎತ್ತಿ ಹುಡುಕಿದಳಂತೆ, ಅಮ್ಮ ಕಾಣಲಿಲ್ಲ. ವಿಡಿಯೋದಲ್ಲೂ ಕಾಣಲಿಲ್ಲ. ಜನ ಏನೆನ್ನುತ್ತಾರೋ ಎಂದು ಹೆದರಿ ನೀನು ಅಡುಗೆಮನೆಗೆ ಹೋಗಿ ಕೂತೆ, ನನ್ನ ಧಾರೆಯನ್ನೇ ನೋಡಲಿಲ್ಲ ಎಂದು ಅವಳ ಸಿಟ್ಟು. ಹತ್ತು ದಿನದಿಂದ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

"ನಾ ಹಾಲಲ್ಲೇ ಇದ್ದೆ. ಎಷ್ಟು ಹೇಳಿದ್ರೂ ಅವ್ಳು ನಂಬೂದಿಲ್ಲ" ಎಂದರು.

ನೀಲಿ ಸೀರೆ ಎಂದೊಡನೆ ನಾನು ಅಳಿಸಿದ ಎರಡು ತುಣುಕು ನೆನಪಾದವು. ಬಾಯಿ ಬಿಡಲು ಧೈರ್ಯವಾಗದೆ ಉಳಿದ ಫೈಲುಗಳನ್ನು ತೆರೆದೆ. ಎಂಬತ್ತೈದರ ಲೆನ್ಸ್ ತೆಗೆದದ್ದರಲ್ಲಿ ವಧೂವರರ ಹಿಂದೆ, ದೂರದಲ್ಲಿ, ನೀಲಿಯ ಒಂದು ಮಸುಕು ಇತ್ತು. ಇದು ನಾನೇ ಎಂದು ಅವರು ತೆರೆ ಮುಟ್ಟಿ ತೋರಿಸಿದರು. ಅದನ್ನು ಹಿಗ್ಗಿಸಿ, ಮಸುಕು ಮುಖವನ್ನು ಸ್ಪಷ್ಟ ಮಾಡಿಕೊಡುತ್ತೇನೆ ಎನ್ನುವ ಹೊಸ ಸಾಫ್ಟ್‌ವೇರಿಗೆ ಹಾಕಿದೆ. ಐದು ನಿಮಿಷ ತಿರುಗಿ ತಿರುಗಿ ಅದು ಒಂದು ಮುಖ ಕೊಟ್ಟಿತು. ನುಣುಪು ಕೆನ್ನೆಯ, ತಿದ್ದಿದ ಹುಬ್ಬಿನ, ಮೂವತ್ತರ ಹೆಂಗಸು. ಇವರು ಬಗ್ಗಿ ನೋಡಿ, "ಇವ್ಳು ಯಾರು? ನಮ್ಮ ಕಡೆಯೋಳಲ್ಲ" ಎಂದರು. ಇಬ್ಬರಿಗೂ ನಗು ಬಂತು. ಅವರ ನಗು ಬೇಗ ನಿಂತಿತು.

ಇನ್ನು ಏನೂ ಉಳಿದಿಲ್ಲ ಎಂದು ಹೇಳಲು ಹೊರಟವನಿಗೆ ಇನ್ನೊಂದು ಕ್ಯಾಮೆರಾ ನೆನಪಾಯಿತು. ವೇದಿಕೆಯ ಎಡಕ್ಕೆ, ಸ್ಪೀಕರಿನ ಪಕ್ಕ, ಮಂತ್ರದ ಧ್ವನಿ ಹಿಡಿಯಲೆಂದು ಹಳೆಯ ಕ್ಯಾಮೆರಾ ಒಂದನ್ನು ಸ್ಟ್ಯಾಂಡ್ ಮೇಲಿಟ್ಟಿದ್ದೆ. ಮಾರಲು ಹೋದರೆ ಯಾರೂ ಕೇಳದ ಕಿಟ್ ಲೆನ್ಸ್ ಅದಕ್ಕಿತ್ತು. ಅದರ ಚಿತ್ರ ನಾನು ನೋಡುವುದೇ ಇಲ್ಲ, ಧ್ವನಿ ತೆಗೆದುಕೊಂಡು ಫೈಲನ್ನು ಹಳೆಯ ಹಾರ್ಡ್‌ಡಿಸ್ಕಿಗೆ ತಳ್ಳಿಬಿಡುತ್ತೇನೆ. ಹುಡುಕಿದರೆ ಇತ್ತು. ಬಣ್ಣ ಸಪ್ಪೆ, ಚಿತ್ರದ ತುಂಬ ಕಾಳು ಚೆಲ್ಲಿದ ಹಾಗೆ ಚುಕ್ಕಿ. ಆದರೆ ಆ ಬಡ ಲೆನ್ಸಿಗೆ ಮಸುಕು ಮಾಡುವ ವಿದ್ಯೆ ಗೊತ್ತಿಲ್ಲ. ಮಂಟಪವೂ ಕಾಣುತ್ತಿತ್ತು, ಅದರ ಹಿಂದಿನ ಜನವೂ, ಜನದ ಹಿಂದಿನ ಊಟದ ಹಾಲಿನ ಬಾಗಿಲೂ ಕಾಣುತ್ತಿತ್ತು. ಬಾಗಿಲ ಬಳಿ ಅವರು ನಿಂತಿದ್ದರು.

ಆ ಭಾಗವನ್ನು ದೊಡ್ಡದು ಮಾಡಿ ಓಡಿಸಿದೆ. ವಾದ್ಯ ಜೋರಾಯಿತು, ಜನರೆಲ್ಲ ಅಕ್ಷತೆ ಹಿಡಿದು ಮುಂದೆ ನುಗ್ಗಿದರು. ಅವರೂ ಮುಂದೆ ಹೆಜ್ಜೆ ಇಟ್ಟರು. ಎರಡು ಹೆಜ್ಜೆ. ಆಮೇಲೆ ತಲೆ ಬಗ್ಗಿಸಿ ಎದೆಗವಚಿಕೊಂಡಿದ್ದ ಕಪ್ಪು ಬ್ಯಾಗನ್ನು ನೋಡಿದರು. ಆಚೀಚೆ ನೋಡಿದರು, ಯಾರಿಗಾದರೂ ಕೊಡಬಹುದೋ ಎನ್ನುವ ಹಾಗೆ. ಯಾರೂ ಇರಲಿಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ ಬಾಗಿಲಿಗೆ ಒರಗಿ, ಕಾಲ ತುದಿಯಲ್ಲಿ ನಿಂತು ಕತ್ತು ಉದ್ದ ಮಾಡಿದರು. ಅಲ್ಲಿಂದಲೇ ಅಕ್ಷತೆ ಎಸೆದರು. ಅದು ಎದುರಿನವರ ಬೆನ್ನಿಗೆ ಬಿತ್ತು. ಅವರ ಮುಖದ ಮೇಲೆ ನೀರು ಇಳಿಯುತ್ತಿತ್ತು, ಎಸೆದ ಕೈಯೂ ಮತ್ತೆ ಬ್ಯಾಗನ್ನೇ ಅವಚಿಕೊಂಡಿತ್ತು, ಒರೆಸಿಕೊಳ್ಳಲಿಲ್ಲ.

ನಾನು ವಿಡಿಯೋ ನಿಲ್ಲಿಸಿದೆ. ಅವರೇ ಮೆಲ್ಲಗೆ, ದೂರಿನ ದನಿಯೇ ಇಲ್ಲದೆ, "ನೀವು ಅಲ್ಲಾಡಬೇಡಿ ಅಂದಿದ್ರಿ" ಎಂದರು.

ಆ ಕ್ಷಣ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಮುಂದೆ ಬರಲು ಮನಸ್ಸು ಮಾಡಿಕೊಂಡೇ ಬಂದ ತಾಯಿಯನ್ನು ಸಂಪ್ರದಾಯ ತಡೆದಿರಲಿಲ್ಲ, ನೆಂಟರು ತಡೆದಿರಲಿಲ್ಲ. ಎರಡು ಗಾಜಿನ ತುಂಡು ಕಾಯಲು ನಾನು ತಡೆದಿದ್ದೆ. ಆಮೇಲೆ ವಿಡಿಯೋದಿಂದಲೂ ತೆಗೆದಿದ್ದೆ. ಅಳಿಸಿದ ತುಣುಕುಗಳ ವಿಷಯವನ್ನೂ ಆಗಲೇ ಹೇಳಿದೆ. ಅವರು ಹೌದೆನ್ನುವ ಹಾಗೆ ತಲೆ ಆಡಿಸಿದರು. ಹಾಗೆ ಮಾಡುತ್ತಾರೆಂಬುದು ಅವರಿಗೆ ಹೊಸ ಸುದ್ದಿಯೇನೂ ಆಗಿರಲಿಲ್ಲ ಎಂದು ಕಾಣುತ್ತದೆ.

ಆಮೇಲೆ ತೆರೆಯತ್ತ ಬೆರಳು ತೋರಿಸಿ, "ಈ ಬ್ಯಾಗ್ ಕಾಣದ್ ಹಾಂಗೆ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಯಾಕೆ ಎಂದೆ. ಮಗಳಿಗೆ ಸಿಟ್ಟು ಜಾಸ್ತಿ, ಬ್ಯಾಗ್ ಯಾರದ್ದು ಎಂದು ಕೇಳುತ್ತಾಳೆ, ನಿಮಗೆ ಫೋನ್ ಮಾಡಿ ಬೈಯುತ್ತಾಳೆ, ಸುಮ್ಮನೆ ಎಂತಕ್ಕೆ ಎಂದರು.

ಆಗುತ್ತಿತ್ತು. ಬೇಡದ್ದನ್ನು ಅಳಿಸುವ ಸಾಧನ ಈಗ ಎಲ್ಲ ಸಾಫ್ಟ್‌ವೇರಿನಲ್ಲೂ ಇದೆ. ಇಷ್ಟು ವರ್ಷ ಹೆಂಗಸರನ್ನು ತೆಗೆದವನಿಗೆ ಒಂದು ಬ್ಯಾಗ್ ತೆಗೆಯುವುದು ದೊಡ್ಡ ಕೆಲಸವಲ್ಲ. ಬೇಡ ಅಕ್ಕ, ಬ್ಯಾಗ್ ಇರಲಿ ಎಂದೆ.

ಬಣ್ಣ ತಿದ್ದಲಿಲ್ಲ, ಕೊಳಲು ಹಾಕಲಿಲ್ಲ. ಇದ್ದ ಹಾಗೆಯೇ ಮಗಳ ಫೋನಿಗೆ ಕಳಿಸಿ, ನೋಡುವಷ್ಟು ಹೊತ್ತು ಬಿಟ್ಟು ನಾನೇ ಫೋನ್ ಮಾಡಿದೆ. ಅಮ್ಮನ ಕೈಯಲ್ಲಿರುವುದು ನನ್ನ ಬ್ಯಾಗ್, ಅಲ್ಲಾಡಬೇಡಿ ಎಂದು ನಿಲ್ಲಿಸಿದವನು ನಾನು, ಅವರು ಮುಂದೆ ಬರುವವರಿದ್ದರು ಎಂದು ಹೇಳಿದೆ. ಆಚೆಯಿಂದ ಬೈಗುಳ ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು, "ಅಮ್ಮಂಗೆ ಕೊಡಿ" ಎಂದಳು.

ಕೊಟ್ಟೆ. ತಾಯಿ ಮಗಳು ಕೊಂಕಣಿಯಲ್ಲಿ ಮಾತಿಗೆ ತೊಡಗಿದರು. ನನಗೆ ಆ ಭಾಷೆ ಅರ್ಥವಾಗುತ್ತದೆ, ಅದಕ್ಕೇ ಎದ್ದು ಹೊರಗೆ ಬಂದೆ. ಮೆಟ್ಟಿಲ ಮೇಲೆ ಒಣಮೀನಿನ ಬುಟ್ಟಿ ಇತ್ತು. ಮುಚ್ಚಿದ ಬಟ್ಟೆಯನ್ನು ಕಾಗೆ ಆಗಲೇ ಎಳೆಯುತ್ತಿತ್ತು, ಕಾಂಪೌಂಡಿನ ಮೇಲೆ ಒಂದು ಬೆಕ್ಕು ಕಾದು ಕೂತಿತ್ತು. ಕಾಗೆ ಓಡಿಸಿ ಬುಟ್ಟಿಯ ಪಕ್ಕ ನಿಂತೆ. ಬಿಸಿಲಿತ್ತು, ಮಂಡಿ ನೋಯುತ್ತಿತ್ತು. ಒಳಗೆ ಅವರ ಮಾತು ಮುಗಿಯುವವರೆಗೆ ನಾನು ಅಲ್ಲಿಂದ ಅಲ್ಲಾಡಲಿಲ್ಲ.