ಕೂಗದೆ ದಾಟುವ ಮನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುಂದಾಪುರದ ಆ ಸಭಾಂಗಣದೊಳಗೆ ಕಾಲಿಟ್ಟಾಗ ನಾನು ಕಾನ್ವೆಂಟಿನ ಚ್ಯಾಪೆಲ್ಲಿಗೆ ಮೊದಲ ಸಲ ಹೋದ ಹುಡುಗಿಯಂತೆ ಬಾಯಿ ತೆರೆದು ನಿಂತಿದ್ದೆ. ಹೊರಗೆ ಆಷಾಢದ ಮಳೆ, ಸೀರೆಯ ಅಂಚಿಗೆಲ್ಲ ಕೆಸರು. ಒಳಗೆ ನೇರಳೆ ಲೈಟು, ಪಕ್ಕೆಲುಬಿಗೆ ಬಡಿಯುವ ಮ್ಯೂಸಿಕ್ಕು, ಗೋಡೆಯಷ್ಟಗಲದ ಪರದೆಯ ಮೇಲೆ ‘ಯು ಆರ್ ಎ ಲಯನ್’ ಎಂಬ ಅಕ್ಷರಗಳು. ಸ್ಪೆಲ್ಲಿಂಗ್ ಮಿಸ್ಟೇಕ್ ಒಂದೂ ಇರಲಿಲ್ಲ. ವರ್ಷಗಟ್ಟಲೆ ಹುಡುಗಿಯರ ಕಾಂಪೊಸಿಷನ್ ತಿದ್ದಿದವಳಿಗೆ ಅದೇ ದೊಡ್ಡ ಇಂಪ್ರೆಶನ್ನು.

ನನ್ನ ಪಕ್ಕದಲ್ಲಿ ಹೊಸ ಸೀರೆಯುಟ್ಟು, ತಲೆಗೆ ಅಬ್ಬಲಿಗೆ ಮುಡಿದು ಕೂತವಳು ನಮ್ಮ ಮೀನಿನವಳು. ಬಿಸಿನೆಸ್ ಕೋಚಿಂಗ್‌ಗೆ ಫೀಸು ಕಟ್ಟಿದ್ದು ಅವಳು. ನಾನು ಬರೀ ಇಂಗ್ಲಿಷ್ ಹೇಳಿಕೊಡಲು ಜೊತೆಗೆ ಬಂದವಳು.

ಅವಳ ಮನೆ ಬೀಜಾಡಿಯಲ್ಲಿ. ಕೋಟೇಶ್ವರದ ನಮ್ಮ ಕೇರಿಗೆ ಅವಳು ಬುಟ್ಟಿ ಹೊತ್ತು ಬರತೊಡಗಿ ಮೂವತ್ತು ವರ್ಷವಾದರೂ ಆಗಿರಬೇಕು. ಅದಕ್ಕೂ ಮೊದಲು ಅವಳ ಅತ್ತೆ ಬರುತ್ತಿದ್ದಳು. ಈ ಮೀನು ಮಾರುವ ಹೆಂಗಸರಲ್ಲಿ ಒಂದು ಕಟ್ಟಳೆಯಿದೆ. ಅತ್ತೆಯ ಮನೆಗಳು ಸೊಸೆಗೆ ಬರುತ್ತವೆ. ಒಬ್ಬಳ ಮನೆಯ ಮುಂದೆ ಇನ್ನೊಬ್ಬಳು ನಿಂತು ಕೂಗುವುದಿಲ್ಲ. ಯಾರೂ ಬರೆದಿಟ್ಟ ಕಾನೂನಲ್ಲ, ಆದರೂ ಯಾರೂ ಮುರಿದದ್ದನ್ನು ನಾನು ಕಂಡಿಲ್ಲ. ಈಚೆಗೆ ಐಸ್ ಬಾಕ್ಸ್ ಕಟ್ಟಿಕೊಂಡ ಸ್ಕೂಟರುಗಳು ಬಂದವು. ಅವರಿಗೆ ಈ ಕಟ್ಟಳೆ ಗೊತ್ತಿಲ್ಲ. ಪೋಂ ಪೋಂ ಎಂದು ಹಾರ್ನ್ ಹೊಡೆದು ಯಾವ ಗೇಟಿನ ಮುಂದೆ ಬೇಕಾದರೂ ನಿಲ್ಲುತ್ತಾರೆ. ಒಂದೊಂದೇ ಮನೆ ಅವಳ ಕೈ ತಪ್ಪುತ್ತಿತ್ತು. ಉಳಿದ ಮನೆಗಳನ್ನಾದರೂ ಉಳಿಸಿಕೊಳ್ಳಬೇಕು ಎನ್ನುವುದೇ ಅವಳ ಚಿಂತೆ. ಮಳೆಗಾಲದಲ್ಲಿ ಬೋಟುಗಳು ದಡ ಹತ್ತಿ ಅವಳಿಗೆ ಬಿಡುವಾದಾಗ, ಯಾರೋ ಬಸ್‌ಸ್ಟ್ಯಾಂಡಿನಲ್ಲಿ ಕೈಗಿತ್ತ ಕಾಗದವೊಂದನ್ನು ಹಿಡಿದು ನನ್ನ ಜಗುಲಿಗೆ ಬಂದಳು.

“ಟೀಚರಮ್ಮ, ಇದ್ರಗೆ ಎಂತ ಬರ್ದಿದ್ರ್? ಓದಿ ಕಾಂಬ.”

ತೊಂಬತ್ತು ದಿನದಲ್ಲಿ ನಿಮ್ಮ ವ್ಯಾಪಾರ ಬದಲಾಗುತ್ತದೆ, ಪರ್ಸನಲ್ ಮೆಂಟರ್ ಕೊಡುತ್ತೇವೆ, ಮೊಬೈಲಿಗೊಂದು ಆ್ಯಪ್ ಕೊಡುತ್ತೇವೆ ಎಂದೆಲ್ಲ ಇತ್ತು. ಓದಿ ಹೇಳಿದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಕಲಿಕೆ ಎಂದರೆ ಎಂದೂ ದಂಡವಲ್ಲ ಎಂದು ನಮ್ಮ ಸಿಸ್ಟರುಗಳು ತಲೆಗೆ ತುಂಬಿಬಿಟ್ಟಿದ್ದಾರಲ್ಲ. “ಹೋಗು. ಎಜುಕೇಶನ್ ಈಸ್ ನೆವರ್ ಎ ವೇಸ್ಟ್” ಎಂದುಬಿಟ್ಟೆ.

“ನಿಮ್ ಬಾಯಗೆ ಬಂದ್ರೆ ಆಯ್ತ್. ಆದ್ರೆ ನೀವೂ ಬರ್ಕ್. ಅವ್ರ್ ಇಂಗ್ಲೀಷ್ ಬಿಟ್ರೆ ನಾ ಎಂತ ಮಾಡೂದ್? ಬಂಗ್ಡಿ ಮೀನ್ ಕಣಂಗೆ ಬಾಯ್ ಬಿಟ್ಕಂಡ್ ಕೂಕಂಬುದಾ?”

ಹೆಂಗಸರ ಸಂಘದಲ್ಲಿ ಕೂಡಿಟ್ಟದ್ದನ್ನು ಬಿಡಿಸಿ ಫೀಸು ಕಟ್ಟಿದಳು. ಮೂರು ದಿನದ ತರಗತಿ. ಕೋಚ್ ಎಂದರೆ ನೀಲಿ ಕೋಟಿನ, ನಾನು ರಿಟೈರ್ ಆಗುವಾಗಿನ ಕೊನೆಯ ಬ್ಯಾಚಿನ ಹುಡುಗಿಯರ ವಯಸ್ಸಿನ ಮನುಷ್ಯ. ದನಿ ಮಾತ್ರ ಚಂದ, ಪಾದ್ರಿಗಳ ಸರ್ಮನ್ನಿನಂತೆ ಏರಿ ಇಳಿಯುತ್ತಿತ್ತು. ಬೈಂದೂರಿನಿಂದ ಬ್ಯೂಟಿ ಪಾರ್ಲರಿನವಳೊಬ್ಬಳು ಬಂದಿದ್ದಳು, ಬ್ರಹ್ಮಾವರದಿಂದ ಎಣ್ಣೆ ಗಾಣದವರೊಬ್ಬರು. ಎಲ್ಲರೂ ಎದ್ದು ನಿಂತು, ಕೈ ಮೇಲೆತ್ತಿ, ನಾನು ಗೆಲ್ಲುತ್ತೇನೆ ಎಂದು ಕಿರುಚಬೇಕು.

“ಲೌಡರ್! ಇನ್ನೂ ಜೋರಾಗಿ! ನಿಮ್ಮ ಕಸ್ಟಮರ್‌ಗೆ ಕೇಳಿಸ್ಬೇಕು!” ಎಂದರು ಕೋಚು.

ಕಸ್ಟಮರ್‌ಗೆ ಎಂದದ್ದೇ ತಡ, ನಮ್ಮವಳು ಕೆನ್ನೆಗೆ ಕೈಯಿಟ್ಟು “ಹ್ವಾಯ್” ಎಂದು ಒಂದೇ ಒಂದು ಸಲ ಕೂಗಿದಳು. ಮ್ಯೂಸಿಕ್ಕು ಹಾಕುತ್ತಿದ್ದವನು ಹೆದರಿ ಅದನ್ನು ನಿಲ್ಲಿಸಿಬಿಟ್ಟ.

“ಮಾರಾಯ್ತಿ, ನೀ ಕ್ಲಾಸಿಗ್ ಬಂದದ್ದಾ, ಕ್ಲಾಸ್ ಮಾಡೂಕ್ ಬಂದದ್ದಾ?” ಎಂದರು ಗಾಣದವರು.

“ಮೈಕಿಗೆಲ್ಲ ದುಡ್ ಕೊಡೂಕೆ ನನ್ಹತ್ರ ಎಲ್ಲಿತ್ತ್ ಒಡೆಯಾ?” ಎಂದು ಇವಳು ಕೂತಳು.

ಎರಡನೆಯ ದಿನ ಒಂದು ಫಾರ್ಮು ಕೊಟ್ಟರು. ಕಸ್ಟಮರ್ ಡೇಟಾಬೇಸ್ ಅಂತೆ. ಅವಳಿಗೆ ಬರೆಯಲು ಬಾರದು, ಹಾಗಾಗಿ ಟೀ ಬ್ರೇಕಿನಲ್ಲಿ ಮೆಟ್ಟಿಲ ಮೇಲೆ ಕೂತು ನಾನು ಪೆನ್ನು ತೆರೆದೆ. “ಹೇಳು, ಮನೆ ಒಂದೊಂದಾಗಿ.”

“ಸುರುವಿನ್ ಮನಿ, ನಿಮ್ ಎದ್ರಿಂದ್, ದೊಡ್ ಗೇಟಿಂದ್. ಅಲ್ಲಿ ಯಜಮಾನ್ರಿಗೆ ಹಲ್ಲಿಲ್ಲೆ, ಮುಳ್ಳಿನ್ ಮೀನ್ ಕೊಡೂಕಾಗ. ಮೆತ್ತನ್ ಕಾಣಿ ಮೀನ್ ಬಂದ್ರೆ ಅವ್ರಿಗಂದೇಳಿ ತೆಗ್ದಿಡ್ಕ್. ಅತ್ಲಾಗಿನ್ ಮನಿಯಗೆ ಸೋಮಾರ ಇಲ್ಲೆ, ಬೇಸ್ತ್‌ವಾರವೂ ಇಲ್ಲೆ. ಬೇಸ್ತ್‌ವಾರದ್ದ್ ಮಗಳ್ ಮದಿ ಆಯ್ಲಿ ಅಂದೇಳಿ ಹೊತ್ತ್ ಹರ್ಕಿ. ಅದ್ರಾಚಿ ಮನಿ ಹೆಣ್ಣ್ ಬಸ್ರಿ, ಯಾರಿಗೂ ಹೇಳ್ಲಿಲ್ಲ. ನಾ ಬಪ್ಪತಿಗೆ ಮೂಗ್ ಮುಚ್ಕಂಡ್ ಒಳ್ಗ್ ಓಡ್ತ್, ಅದ್ರಗೇ ಗೊತ್ತಾಯ್ತ್. ನೀವ್ ಇದನ್ ಬರಿಯೂಕಾಗ ಮತ್ತೆ!”

ಹೀಗೆ ಹೇಳುತ್ತಲೇ ಹೋದಳು. ಚಟ್ಲಿ, ಅಂದರೆ ಸಿಗಡಿ, ತಿಂದರೆ ಮೈ ತುರಿಸುವ ಮಗು ಯಾವ ಮನೆಯದು. ಗಂಡ ಹಡಗಿನಿಂದ ಬಂದಾಗ ಮಾತ್ರ ದುಬಾರಿ ಅಂಜಲ್ ಮೀನು ಕೊಳ್ಳುವವರು ಯಾರು. ನಾಗನ ಪೂಜೆ ಯಾರಲ್ಲಿ ಯಾವ ತಿಂಗಳು. ಕಣ್ಣು ಮುಚ್ಚಿ ತನ್ನ ದಾರಿಯಲ್ಲೇ ನಡೆಯುತ್ತಿದ್ದಾಳೇನೋ ಎಂಬ ಹಾಗೆ, ಓಣಿ ತಿರುಗುವಲ್ಲಿ ಕುತ್ತಿಗೆಯನ್ನೂ ತಿರುಗಿಸುತ್ತಿದ್ದಳು. ನಾನು ಪೆನ್ನು ಎತ್ತಿ ಹಿಡಿದವಳು ಇಳಿಸಲೇ ಇಲ್ಲ. ಅದೇ ಕೇರಿಯಲ್ಲಿ ಅಷ್ಟು ವರ್ಷ ಬದುಕಿದವಳು ನಾನು. ಅವುಗಳಲ್ಲಿ ಅರ್ಧ ಮನೆಯ ಹುಡುಗಿಯರು ನನ್ನ ಸ್ಟೂಡೆಂಟ್ಸು. ನನಗೆ ಅವರ ಮಾರ್ಕ್ಸು ಗೊತ್ತಿತ್ತು, ಅಷ್ಟೇ.

“ಸಾವಾದ ಮನೆಯಿದ್ದರೆ ಎಂತ ಮಾಡ್ತಿ?” ಎಂದು ಕೇಳಿದೆ.

“ಸತ್ತ್ ಮನಿ ಎದ್ರ್ ಕೂಗೂಕಾಗ. ಬುಟ್ಟಿಗೆ ಬಾಳಿ ಎಲಿ ಮುಚ್ಚಿ, ತಲಿ ತಗ್ಸಿ ಹೋಪುದ್. ಸೂತ್ಕ ಕಳ್ದ್ ಮೇಲೆ ಸುರುವಿಗೆ ಮೀನಿಗ್ ಅವ್ರೇ ಕರಿತ್ರ್. ಯಾರನ್ ಕರಿತ್ರೋ, ಮುಂದ್ ಆ ಮನಿ ಅವಳ್ದ್.”

ಫಾರ್ಮಿನಲ್ಲಿ ಇದ್ದದ್ದು ಮೂರು ಕಾಲಮ್ಮು: ನೇಮ್, ಮೊಬೈಲ್ ನಂಬರ್, ತಿಂಗಳಿಗೆ ಎಷ್ಟರ ವ್ಯಾಪಾರ. ಬಿಟ್ಟ ಸ್ಥಳ ತುಂಬುವುದರಲ್ಲಿ ನಮ್ಮ ಕಾನ್ವೆಂಟಿನವರನ್ನು ಮೀರಿಸುವವರಿಲ್ಲ. ಅವಳು ಹೇಳಿದ್ದರಲ್ಲಿ ಒಂದೂ ಆ ಮೂರರಲ್ಲಿ ಹಿಡಿಯಲಿಲ್ಲ, ನಾನು ಬಿಟ್ಟುಬಿಟ್ಟೆ. ನೀಟಾದ ಹ್ಯಾಂಡ್‌ರೈಟಿಂಗಿನಲ್ಲಿ ಹೆಸರು, ಅವಳ ಫೋನಿನಲ್ಲಿದ್ದ ನಂಬರು ಬರೆದು ಕೊಟ್ಟೆ. “ಎಕ್ಸಲೆಂಟ್, ಮೇಡಂ!” ಎಂದರು ಕೋಚು. ನಾಚಿಕೆಯ ವಿಷಯ, ನನಗೆ ಖುಷಿಯೂ ಆಯಿತು.

ಆಮೇಲಿನ ಕತೆ ಹೇಳುವುದಕ್ಕೇ ಬೇಜಾರು. ಮೂರನೆಯ ದಿನ ಸಂಜೆ ಗೊತ್ತಾಯಿತು, ಪರ್ಸನಲ್ ಮೆಂಟರ್ ಬೇಕಿದ್ದರೆ ಗೋಲ್ಡ್ ಲೆವೆಲ್ಲಿಗೆ ಇನ್ನೊಂದು ಫೀಸು ಕಟ್ಟಬೇಕಂತೆ. ನಮಗೆ ಸಿಕ್ಕಿದ್ದು ತಿಂಗಳಿಗೊಂದು ‘ಲೈವ್’, ಕೋಚು ಫೋನಿನಲ್ಲೇ ನೇರವಾಗಿ ಮಾತಾಡುವುದಂತೆ. ನನ್ನ ಜಗುಲಿಯಲ್ಲಿ ಅವಳು ಫೋನನ್ನು ಕುಂಕುಮದ ಡಬ್ಬಿಗೆ ಆನಿಸಿಟ್ಟು ಕೂತು, “ಸ್ಕೂಟರಿನವ್ರಿಗೆ ಎಂತ ಮಾಡೂದ್ ಸಾರ್?” ಎಂದು ಮೂರು ಸಲ ಕೇಳಿದಳು. ಕೋಚು ಉತ್ತರಿಸದೆ ನಗುತ್ತಲೇ ಇದ್ದರು. ಅವರ ಹಿಂದಿನ ಕಿಟಕಿಯಲ್ಲಿ ರಣಬಿಸಿಲು, ನಮ್ಮಲ್ಲಿ ಕತ್ತಲೆಗಟ್ಟಿದ ಮಳೆ. ಯಾವತ್ತೋ ತೆಗೆದಿಟ್ಟ ರೆಕಾರ್ಡಿಂಗು ಅದು ಎಂದು ನಾನು ಹೇಳಬೇಕಾಯಿತು.

“ಹಂಗಾರೆ ನಾ ಇಷ್ಟೊತ್ತ್ ಮಾತಾಡದ್ದ್ ಯಾರ್ ಹತ್ರ?” ಎಂದಳು. ನಕ್ಕಳು ಕೂಡ.

ಕೊಡುತ್ತೇವೆಂದಿದ್ದ ಆ್ಯಪು ಕೈಗೆ ಬಂದದ್ದು ದೀಪಾವಳಿ ಕಳೆದ ಮೇಲೆ, ನಾನು ಹತ್ತಾರು ಸಲ ಫೋನ್ ಮಾಡಿದ ಮೇಲೆ. ದಿನಾ ಬೆಳಿಗ್ಗೆ ಎಲ್ಲ ಮನೆಗೂ ತನ್ನಷ್ಟಕ್ಕೇ ಮೆಸೇಜು ಹೋಗುತ್ತದೆ: ಹೊಳೆಯುವ ಅಂಜಲಿನ ಫೋಟೋ, ಕೆಳಗೆ ‘ಗುಡ್ ಮಾರ್ನಿಂಗ್! ಇವತ್ತು ನಿಮ್ಮ ಮನೆಯಲ್ಲಿ ಹಬ್ಬ!’ ಅವಳ ಫೋನಿನಲ್ಲಿ ಅದನ್ನು ಕೂಡಿಸಿದವಳು ನಾನೇ. ಸೋಮವಾರ ಬೇಡ ಎಂದಳು, ಸೋಮವಾರವನ್ನು ಆಫ್ ಮಾಡಿದೆ. ಎಲ್ಲ ಸರಿಮಾಡಿದೆ ಎಂದುಕೊಂಡೆ.

ಹತ್ತು ದಿನ ಕಳೆದಿರಬೇಕು, ದೊಡ್ಡ ಗೇಟಿನ ಮನೆಯ ಯಜಮಾನರು ತೀರಿಕೊಂಡರು. ನಾನು ಹೋಗಿ ಮುಖ ನೋಡಿ ಬಂದೆ. ಮಾರನೆಯ ಬೆಳಿಗ್ಗೆ ಬುಟ್ಟಿಗೆ ಎಲೆ ಮುಚ್ಚಿ ಅವಳು ಆ ಗೇಟು ದಾಟಿದ್ದನ್ನೂ ನೋಡಿದೆ. ಫೋನಿನ ನೆನಪು ಮಾತ್ರ ನನಗೆ ಬರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಹಿಡಿದು ನನ್ನ ಜಗುಲಿಗೆ ಬಂದಳು.

“ಇದ್ರಗೆ ಎಂತೋ ಬಂದಿತ್ತ್, ಕಾಣಿ ಕಾಂಬ.”

ಒತ್ತಿದೆ. ಆ ಮನೆಯ ಸೊಸೆಯ ದನಿ. “ಮನ್ಷತ್ವ ಇಲ್ಯಾ ನಿಂಗೆ? ಮಾವನ್ ಬೂದಿ ಆರ್ಲಿಲ್ಲ, ನಮ್ಮನಿಯಗೆ ಹಬ್ಬವಾ? ಇನ್ ಈ ಗೇಟಿನ್ ಹತ್ರ ಬರ್ಬೇಡ.”

“ತಪ್ಪು ನನ್ನದು. ನಾನೀಗಲೇ ಹೋಗಿ ಹೇಳ್ತೆ” ಎಂದು ಎದ್ದೆ.

ಅವಳು ನನ್ನ ಸೆರಗು ಹಿಡಿದು ಕೂರಿಸಿದಳು. “ಬ್ಯಾಡ ಟೀಚರಮ್ಮ. ಸತ್ತ್ ಮನಿಗ್ ಹೋಯಿ ನಮ್ ಸಮಾಚಾರ ಹೇಳೂಕಾಗ. ಅವ್ರಿಗ್ ಅವ್ರದ್ದೇ ಸಾಕಾಯ್ತ್.”

ಬೈದಿದ್ದರೆ ಹಗುರಾಗುತ್ತಿದ್ದೆ. ಅವಳ ಅತ್ತೆಯ ಕಾಲದಿಂದ ಬಂದ ಮೊದಲ ಮನೆ ಅದು. ಅದು ಹೋದರೆ ಕೇರಿಯೇ ಹೋದ ಹಾಗೆ ಎಂದು ನನಗೂ ಗೊತ್ತಿತ್ತು. ಕೋಚಿಂಗಿನವರಿಗೆ ಫೋನ್ ಮಾಡಿ ಕೂಗಾಡಿದೆ. ಎರಡು ದಿನ ಬಿಟ್ಟು ಕೋಚು ಉತ್ತರ ಕಳಿಸಿದರು: ಒಬ್ಬ ಕಸ್ಟಮರ್ ಹೋದರೆ ಹತ್ತು ಜನ ಬರುತ್ತಾರೆ, ಲೆಟ್ ಗೋ, ಮೇಡಂ. ಚರ್ಚಿನಷ್ಟು ದೊಡ್ಡದಾಗಿ ಕಂಡಿದ್ದ ಆ ಸಭಾಂಗಣ ನನ್ನೊಳಗೆ ಆ ಗಳಿಗೆಯಲ್ಲಿ ಕುಸಿಯಿತು. ಆ್ಯಪನ್ನು ಅಳಿಸಿ ಹಾಕಿದೆ.

ಆಮೇಲೆ ದಿನಾ ಬೆಳಿಗ್ಗೆ ನಾನು ಜಗುಲಿಯಲ್ಲಿ ಕೂತು ಅವಳನ್ನು ನೋಡುತ್ತಿದ್ದೆ. ಮೊದಲೆಲ್ಲ ಅವಳ ದನಿ ಶುರುವಾಗುತ್ತಿದ್ದದ್ದೇ ಆ ಗೇಟಿನಿಂದ. ಈಗ ಓಣಿಯ ಬಾಯಲ್ಲೇ ಬುಟ್ಟಿ ಇಳಿಸಿ, ಎಲೆ ಸರಿಪಡಿಸಿ, ಮತ್ತೆ ಹೊರುವಳು. ಗೇಟು ಬಂದಾಗ ಹೆಜ್ಜೆ ಬಿರುಸಾಗುತ್ತಿರಲಿಲ್ಲ, ನಿಧಾನವೂ ಆಗುತ್ತಿರಲಿಲ್ಲ. ಕೈಬಳೆ ಸದ್ದಾಗದಂತೆ ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಳ್ಳುತ್ತಿದ್ದಳು. ಬಳೆಯ ಸದ್ದು! ಅಷ್ಟು ದೂರ ಯಾರು ಯೋಚಿಸುತ್ತಾರೆ? ಬರಬೇಡ ಎಂದ ಮನೆಗೂ ಅವಳು ಅಷ್ಟು ಮರ್ಯಾದೆ ಕೊಡುತ್ತಿದ್ದಳು. ಗೇಟು ದಾಟಿ, ಆಚೆ ಮನೆಯನ್ನೂ ದಾಟಿದ ಮೇಲೆಯೇ ದನಿ ಏಳುತ್ತಿತ್ತು. ನಾನು ಹುಡುಗಿಯರಿಗೆ ರೆವರೆನ್ಸ್ ಎಂಬ ಪದದ ಅರ್ಥವನ್ನು ಎಷ್ಟೋ ಸಲ ಬರೆಸಿದ್ದೇನೆ. ಆ ದಿನಗಳಲ್ಲಿ ಅದು ಕಾಲಿನ ಮೇಲೆ ನಡೆದುಹೋಗುವುದನ್ನು ಕಂಡೆ.

ಆದರೆ ನನಗೆ ಹೆದರಿಕೆಯೂ ಇತ್ತು. ಓಣಿಯ ತಿರುವಿನಲ್ಲಿ ಆ ಮನೆಯ ಸೊಸೆ ಸ್ಕೂಟರಿನವನ ನಂಬರು ಬರೆದುಕೊಳ್ಳುವುದನ್ನು ಒಮ್ಮೆ ನೋಡಿದ್ದೆ.

ಉತ್ತರಕ್ರಿಯೆ, ಊಟ ಎಲ್ಲ ಮುಗಿದು ಶಾಮಿಯಾನ ಬಿಚ್ಚಿದ ಮೇಲಿನ ಬೆಳಿಗ್ಗೆ ನಾನು ನಮ್ಮ ಗೇಟಿನ ಹೊರಗೇ ನಿಂತೆ. ಮೊದಲು ಬಂದದ್ದು ಸ್ಕೂಟರು. ಹಾರ್ನ್ ಹೊಡೆಯಿತು. ಎದುರು ಮನೆಯ ಬಾಗಿಲು ತೆರೆಯಿತು, ಸೊಸೆ ಪಾತ್ರೆ ಹಿಡಿದು ಮೆಟ್ಟಿಲಿಳಿದಳು. ಒಳಗಿನಿಂದ ಏನೋ ಮಾತು ಕೇಳಿಸಿತು. ಅವಳು ನಿಂತಳು. ಕಾದು ಸಾಕಾಗಿ ಸ್ಕೂಟರು ಮುಂದೆ ಹೋಯಿತು.

ಅಷ್ಟರಲ್ಲಿ ಇವಳು ಬಂದಳು. ಬುಟ್ಟಿಗೆ ಎಲೆ ಇನ್ನೂ ಮುಚ್ಚಿತ್ತು. ಸೂತಕ ಕಳೆದದ್ದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕರೆಯಬೇಕಾದವರು ಅವರು. ಬಳೆ ಹಿಡಿದು, ತಲೆ ತಗ್ಗಿಸಿ ಗೇಟು ದಾಟಿದಳು. ಒಂದು ಹೆಜ್ಜೆ, ಎರಡು ಹೆಜ್ಜೆ.

“ಏ ಹೆಣ್ಣೆ, ಎಲ್ಲಿಗ್ ಹೋತೆ? ಇಲ್ ಮನಿ ಇಪ್ಪುದ್ ಕಾಂತಿಲ್ಯಾ?”

ಯಜಮಾನರ ಹೆಂಡತಿ. ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಿದ್ದರು.

“ಅತ್ತೆ, ಅವತ್ತ್ ಇವ್ಳೇ ಅಲ್ದಾ ಆ ಫೋಟೋ...” ಎಂದಳು ಸೊಸೆ.

“ನೀ ಸುಮ್ನಿರ್. ನಾ ಇಷ್ಟ್ ದಿನ ಕಿಟ್ಕಿಯಗೇ ಕೂಕಂಡದ್. ಇವ್ಳ್ ಹ್ಯಾಂಗ್ ಹೋತಿದ್ಲ್ ಅಂದೇಳಿ ನಾ ಕಂಡಿದೆ, ನೀ ಕಂಡ್ಲಿಲ್ಲ. ಫೋನ್ ಬೇಕಾರೆ ಬ್ಲಾಕ್ ಮಾಡ್.” ಆಮೇಲೆ ನನ್ನ ಕಡೆ ತಿರುಗಿ, “ಎಂತ ಟೀಚರೇ, ಗೇಟಿಗ್ ಕಾವಲ್ ನಿಂತದ್ದಾ?” ಎಂದರು.

ಅವಳು ಬುಟ್ಟಿ ಇಳಿಸಿ ಎಲೆ ತೆಗೆದಳು. ಆದರೆ ಮೀನು ಮುಟ್ಟಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಅಷ್ಟು ದಿನ ಕೇಳಲಾಗದೆ ಹೊತ್ತುಕೊಂಡು ತಿರುಗಿದ್ದನ್ನು ಕೇಳಿದಳು: “ಅಮ್ಮ, ಒಡೇರಿಗ್ ಕಡೀಕ್ ಎಂತ ಆದದ್?”

ಆ ತಾಯಿ ಮೆಟ್ಟಿಲ ಮೇಲೆ ಕೂತರು. ತೀರಿಕೊಳ್ಳುವ ಹಿಂದಿನ ರಾತ್ರಿ ಯಜಮಾನರು ಗಂಜಿ ಕುಡಿದದ್ದರಿಂದ ಹಿಡಿದು ಹೇಳತೊಡಗಿದರು. ಸೊಸೆ ಪಾತ್ರೆಯನ್ನು ಕೆಳಗಿಟ್ಟು ಕಂಬಕ್ಕೆ ಒರಗಿದಳು. ತೆರೆದ ಬುಟ್ಟಿಯನ್ನು ಯಾರೂ ನೋಡುತ್ತಿರಲಿಲ್ಲ. ಕಾಂಪೌಂಡಿನ ಮೇಲೆ ಕಾಗೆಗಳು ಒಂದೊಂದಾಗಿ ಬಂದು ಕೂರುತ್ತಿದ್ದವು. ನಾನು ಅವರ ಗೇಟಿನೊಳಗೆ ಹೋಗಿ ಬುಟ್ಟಿಯ ಪಕ್ಕ ನಿಂತು, ಸೆರಗು ಬೀಸಿ, ಸದ್ದಾಗದ ಹಾಗೆ ಅವುಗಳನ್ನು ಓಡಿಸುತ್ತ ಇದ್ದೆ.