ಕರಿಯಮ್ಮನ ಹೂಂ

ಹಾಸನೂರಿನ ಮೇಲೆ, ಕಾಡಿನ ಜನ ಪೋಡು ಅನ್ನುವ ಪುಟ್ಟ ಹಾಡಿಯಲ್ಲಿ, ಜಡೆಯಮ್ಮನ ಬಾಯಿಗೆ ಬಿದ್ದು ಸಲೀಸಾಗಿ ಎದ್ದುಬಂದವರಿಲ್ಲ. ಪೇಟೆಯ ಟೀ ಕಲಗಚ್ಚು, ಸೊಸೆ ತಿರುವುವ ಮುದ್ದೆ ಗೋಡೆಗೆ ಮೆತ್ತುವ ಮಣ್ಣು, ಟಿವಿ ಧಾರಾವಾಹಿಯಲ್ಲಿ ಅಳುವ ಹೆಂಗಸರೆಲ್ಲ ತಿಂದದ್ದು ಹೆಚ್ಚಾದವರು. ಆದರೂ ಸಂಜೆಯಾದರೆ ಪೋಡಿನವರು ಬುಟ್ಟಿ ಹೆಣೆಯಲು ಲಂಟಾನ ಗಿಡದ ಕಡ್ಡಿ ಸೀಳುವ ಕೆಲಸ ಹೊತ್ತು ಅವಳ ಜಗಲಿಗೇ ಬರುತ್ತಿದ್ದರು. ಕತೆ ಹೇಳಲು ಕೂತಳೆಂದರೆ ಅವಳ ಮುಂದೆ ಇನ್ನೊಬ್ಬರಿಲ್ಲ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ಅವಳ ಕತೆಗೆ ಹೂಂಗುಟ್ಟುವವಳು ನಾದಿನಿ ಕರಿಯಮ್ಮ. ಹೂಂಗುಟ್ಟುವವರಿಲ್ಲದೆ ಆ ಜಗಲಿಯಲ್ಲಿ ಕತೆ ಹೊರಡುತ್ತಿರಲಿಲ್ಲ. ಒಂದು ಮಾತು ಹೇಳಬೇಕು, ಕೇಳುವವರು ಹೂಂ ಅನ್ನಬೇಕು, ಆಮೇಲೆ ಮುಂದಿನ ಮಾತು. ಜಡೆಯಮ್ಮ ಮದುವೆಯಾಗಿ ಬಂದಾಗಿನಿಂದ ಆ ಕೆಲಸ ಕರಿಯಮ್ಮನದೇ. ಅದಕ್ಕೆ ಸಿಕ್ಕ ಮರ್ಯಾದೆ ಅಷ್ಟಕ್ಕಷ್ಟೆ. “ಊಂ ಅನ್ನಕೆ ಏನ್ ಬುದ್ಧಿ ಬೇಕು? ಎಮ್ಮೆನೂ ಅಂತದೆ,” ಎಂದು ಜಡೆಯಮ್ಮ ಎಲ್ಲರೆದುರು ಹೀಗಳೆಯುತ್ತಿದ್ದಳು. ಕರಿಯಮ್ಮ ಅದಕ್ಕೂ ಹೂಂ ಅನ್ನುತ್ತಿದ್ದಳು.

ಹೋದ ವರ್ಷ ಕೊಯಮತ್ತೂರಿನಿಂದ ಒಂದು ತಂಡ ಬಂತು. ಜೊತೆಗೆ ತಾಳವಾಡಿಯ ಲತಾ, ಅವರ ತಮಿಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವವಳು. ಓದು ಬಾರದವರೂ ತಮ್ಮ ದನಿಯಲ್ಲೇ ಕತೆ, ಸುದ್ದಿ ಪ್ರಕಟಿಸುವಂಥ ಜಾಲತಾಣವೊಂದನ್ನು ಅವರು ಕಟ್ಟುತ್ತಿದ್ದರಂತೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬಿಚ್ಚಿ, ತಿದ್ದಿ, ಬಳಸಬಹುದು. ಬಳಸುವ ಜನರನ್ನು ಕೇಳಿಯೇ ಒಂದೊಂದು ಬಟನ್ನೂ ಇಡುತ್ತಾರೆ. ಗೋಡೆಗೆ ಬಣ್ಣದ ಚೀಟಿ ಅಂಟಿಸಿದರು, ಬಿಸ್ಕತ್ತು ಹಂಚಿದರು, ಯಾರು ಏನಂದರೂ ತಲೆಯಾಡಿಸಿದರು. ಇವರಿಗೆ ಸ್ವಂತ ತಲೆಯೇ ಇಲ್ಲವೆಂದು ಜಡೆಯಮ್ಮ ಅಲ್ಲೇ ತೀರ್ಮಾನಿಸಿದಳು.

ಜೇನು ಕೀಳಲು ಬಂಡೆಯಿಂದ ಇಳಿದವನ ಹಗ್ಗ ಹಿಡಿದ ಭಾವಮೈದುನನ ಕತೆಯನ್ನು ಜಡೆಯಮ್ಮ ಹೇಳಿದಳು. ಕರಿಯಮ್ಮ ಹೂಂಗುಟ್ಟಿದಳು. ಫೋನಿನಲ್ಲಿ ಹಿಡಿದದ್ದನ್ನು ಲತಾ ಕೇಳಿಸಿ, “ಏನಾದ್ರೂ ಬದಲಾಯಿಸ್ಬೇಕಾ ಜಡೆಯಮ್ಮೋರೆ?” ಎಂದಳು.

“ಆ ಊಂ ತಗೀರಿ. ಕತೆ ನಂದು. ನಡೂಕೆ ಇವಳ್ದೇನು?”

ಲತಾ ಕರಿಯಮ್ಮನ ಮುಖ ನೋಡಿದಳು. ಅವಳು ಬಗ್ಗಿಸಿದ ತಲೆ ಎತ್ತದೆ ಕಡ್ಡಿಯ ಸಿಪ್ಪೆ ಹೆರೆಯುತ್ತಿದ್ದಳು. ತಂಡದವರು ಮಾತ್ರ ಹಿರಿಹಿರಿ ಹಿಗ್ಗಿದರು; ಬಳಸುವವರ ಬಾಯಿಂದಲೇ ಬೇಡಿಕೆ ಬಂದಿತ್ತಲ್ಲ. ಸ್ವಲ್ಪ ದಿನದಲ್ಲೇ ಹೊಸ ಬಟನ್ ಮಾಡಿ ತಂದರು. ಒತ್ತಿದರೆ ಹೇಳುವವರ ದನಿ ಉಳಿದು ಕೇಳುವವರ ದನಿ ಅಳಿಸಿಹೋಗುತ್ತಿತ್ತು. ಅದನ್ನು ಒತ್ತಿದವಳೂ ಜಡೆಯಮ್ಮನೇ.

ಪ್ರಕಟವಾದ ಕತೆಯನ್ನು ಜಗಲಿಯಲ್ಲಿ ಎಲ್ಲರೂ ಕೂತು ಕೇಳಿದರು. ಒಂದು ಮಾತು, ಆಮೇಲೆ ಖಾಲಿ. ಇನ್ನೊಂದು ಮಾತು, ಮತ್ತೆ ಖಾಲಿ. ಯಾರೂ ಇಲ್ಲದ ಮನೆಯಲ್ಲಿ ಮುದುಕಿಯೊಬ್ಬಳು ತನ್ನಷ್ಟಕ್ಕೆ ತಾನು ಗೊಣಗಿಕೊಂಡಂತಿತ್ತು. ಪಕ್ಕದ ಮನೆಯ ಚಿಕ್ಕಸಿದ್ದ, “ಗಾಳಿಗೀಳಿ ಮೆಟ್ಕಂಡದಾ ಇವಳ್ಗೆ?” ಎಂದ. ಜನ ಬಿದ್ದು ಬಿದ್ದು ನಕ್ಕರು. ಇಷ್ಟು ದಿನ ಜನರನ್ನು ಆಡಿಕೊಂಡು ನಗುತ್ತಿದ್ದವಳಿಗೆ ಅವಮಾನದಿಂದ ಮೈಯೆಲ್ಲ ಉರಿಯಿತು.

ಲತಾಳನ್ನು ಕರೆಸಿ ದಬಾಯಿಸಿದಳು. ಹೂಂ ತೆಗೆಸಿದ್ದು ತಾನೇ ಎಂಬುದನ್ನು ಬಾಯಿತಪ್ಪಿಯೂ ಆಡಲಿಲ್ಲ. ಮೂಲ ಹಾಗೇ ಉಳಿದಿದೆ ಎಂದು ಲತಾ ಸಮಾಧಾನ ಮಾಡಿ ಹೂಂ ಅನ್ನು ಮತ್ತೆ ಸೇರಿಸಿದಳು, ಕರಿಯಮ್ಮನ ಹೆಸರನ್ನೂ ಹಾಕಿದಳು. ಕತೆಗೆ ಜೀವ ಬಂತು. ಬೇರೆ ಪೋಡಿನವರೂ ಕೇಳಿ ಹೊಗಳಿದರಂತೆ. ಎಲ್ಲ ಸರಿಹೋಯಿತೆಂದು ಜಡೆಯಮ್ಮ ಮತ್ತೆ ಗತ್ತಿನಿಂದ ಓಡಾಡಿದಳು.

ಒಂದು ಸಂಜೆ ಜಗಲಿ ತುಂಬಿದ್ದಾಗ ಎಲೆಅಡಿಕೆ ಉಗಿದು ಬಂದು ಹೊಸ ಕತೆಯ ಮೊದಲ ಮಾತು ಹೇಳಿದಳು. ಹೂಂ ಬರಲಿಲ್ಲ. ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಚಿಕ್ಕಸಿದ್ದ ಹೂಂ ಅನ್ನಲು ಹೋಗಿ ಮಾತಿನ ಮೇಲೇ ಬಿದ್ದ. ಅವಳಿಗೆ ಮುಂದಿನದು ಮರೆತೇಹೋಯಿತು.

“ಊಂ ಅನ್ನು ಕರಿಯಮ್ಮ,” ಎಂದಳು. ಅವಳ ಬಾಯಲ್ಲಿ ಅಂಗಲಾಚುವ ದನಿಯನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ.

ಕರಿಯಮ್ಮ ಕಡ್ಡಿಯ ಕಂತೆ ಕಟ್ಟಿಕೊಂಡು ಎದ್ದಳು. “ನನ್ ಊಂ ಪೋನಲ್ಲೇ ಅದೆಯಲ್ಲ ಅತ್ಗೆ. ಬೇಕಾದಾಗ ಆಕ್ಕೊ, ಬ್ಯಾಡ್ದಾಗ ತಗುದ್ಬುಡು,” ಎಂದು ಜಗಲಿ ಇಳಿದಳು.

ಉಳಿದವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಒಬ್ಬೊಬ್ಬರಾಗಿ ಕಡ್ಡಿ ಎತ್ತಿಕೊಂಡು ಕರಿಯಮ್ಮನ ಅಂಗಳದ ಕಡೆಗೆ ಹೋದರು.