ಅಮಾವಾಸ್ಯೆಯಂದು ತುಂಬಿದ ಸೀಸೆಗಳು

ಚೆನ್ನೈನ ವೆಸ್ಟ್ ಮಾಂಬಲದ ನನ್ನ ಬಾಡಿಗೆ ಮನೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಕೀಳುವ ತಮಿಳು ಕ್ಯಾಲೆಂಡರು ತೂಗುತ್ತಿತ್ತು. ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವ ಮೊದಲೇ ನಿನ್ನೆಯನ್ನು ಚರ್ರೆಂದು ಕಿತ್ತು ಉಂಡೆಮಾಡಿ ಎಸೆಯುವುದರಲ್ಲಿ ಒಂಟಿ ಗಂಡಸಿಗೆ ಎಂಥದೋ ಸುಖವಿದೆ. ನಿಮಗೆ ಆ ಅಭ್ಯಾಸವಿಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ. ಅಮ್ಮ ಇದ್ದಾಗ ಅದರ ಪಕ್ಕದಲ್ಲೇ ನಮ್ಮ ಕನ್ನಡ ಪಂಚಾಂಗವೂ ಇರುತ್ತಿತ್ತು. ಅವಳು ತೀರಿಕೊಂಡ ಮೇಲೆ ಅದನ್ನು ತರಿಸುವವರಿಲ್ಲದೆ ಮೊಳೆ ಮಾತ್ರ ಉಳಿಯಿತು. ಮನೆಯಲ್ಲಿ ಕನ್ನಡವೂ ನಿಂತುಹೋಯಿತು. ಗೋಡೆಯ ಜೊತೆ ಎಷ್ಟೂಂತ ಮಾತಾಡಲಾದೀತು?

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನು ಕೊಳಚೆನೀರಿನ ಎಂಜಿನಿಯರು. ಈ ಉದ್ಯೋಗ ಕೇಳಿದ ಮೇಲೂ ಹೆಣ್ಣಿನ ಮನೆಯವರು ಉಪ್ಪಿಟ್ಟು ಕೊಟ್ಟು ಕಳಿಸಿದ್ದೇ ಹೆಚ್ಚು. ಆಗ ನಮ್ಮ ಕಚೇರಿಗೆ ನೇಕಾರರ ಪುಟ್ಟ ಊರೊಂದರ ಕೊಳಚೆನೀರು ಶುದ್ಧೀಕರಣದ ಯೋಜನೆ ಬಂತು. ಊರಿನ ಮೋರಿಗಳೆಲ್ಲ ಹೊಳೆಗೆ ಬೀಳುತ್ತಿದ್ದವು. ಹೊಳೆಯ ಕೆಳಗಿನ ಹಳ್ಳಿಗಳವರು ಅದೇ ಮರಳಿನಲ್ಲಿ ಒರತೆ ತೋಡಿ ಕುಡಿಯುತ್ತಿದ್ದರು. ಮೋರಿಯ ನೀರನ್ನು ಸೀಸೆಗಳಿಗೆ ತುಂಬಿ ಪರೀಕ್ಷೆ ಮಾಡಿಸಿ, ಅದರಲ್ಲೇನಿದೆಯೋ ಅದಕ್ಕೆ ತಕ್ಕ ತೊಟ್ಟಿಗಳನ್ನು ನಕ್ಷೆಯಲ್ಲಿ ಬರೆಯುವುದು ನನ್ನ ಕೆಲಸ. ಶುಭಾರಂಭಕ್ಕೆ ನಮ್ಮ ಮೇಲಧಿಕಾರಿಯೇ ದಿನ ಗೊತ್ತುಮಾಡಿದರು: "ನಿರೈಂಜ ಅಮಾವಾಸೈ, ರೊಂಬ ನಲ್ಲ ನಾಳ್." ತುಂಬಿದ ಅಮಾವಾಸ್ಯೆ, ತಮಿಳರಿಗೆ ಅದು ಬಲು ಒಳ್ಳೆಯ ದಿನ. ನಮ್ಮಲ್ಲಿ ಅಮಾವಾಸ್ಯೆಗೆ ಹೊಸ ಕೆಲಸ ಹಿಡಿದರೆ ಅಮ್ಮ ಬಾಗಿಲಿಗೇ ಅಡ್ಡ ನಿಲ್ಲುತ್ತಿದ್ದಳು. ನಾನು ಹೂಂ ಎಂದೆ. ಹೋದೆವು, ತುಂಬಿದೆವು, ಬಂದೆವು. ಬರೀ ಮನೆಬಳಕೆಯ ನೀರು ಎಂದು ವರದಿಯಾಯಿತು. ಯೋಜನೆ ನನ್ನ ಸಹಿ ಹೊತ್ತು ಮಂಜೂರಾತಿಗೆ ಹೋಯಿತು.

ಕೆಲವು ವಾರಗಳ ಮೇಲೆ ಜಾಗ ನೋಡಲು ಒಬ್ಬನೇ ಹೋದೆ. ಅಯ್ಯೋ, ಮೋರಿಯಲ್ಲಿ ಕುಂಕುಮ ಕದಡಿದಂಥ ನೀರು! ಪಕ್ಕದ ಅಂಗಳದಲ್ಲಿ ಮುದುಕಿಯೊಬ್ಬಳು ಬಣ್ಣದ ನೂಲು ಹಿಂಡುತ್ತ ಸೊಸೆಯನ್ನು ಬೈಯುತ್ತಿದ್ದಳು, ಅದೂ ಕನ್ನಡದಲ್ಲಿ. ಎಷ್ಟೋ ತಲೆಮಾರುಗಳ ಹಿಂದೆ ಕನ್ನಡನಾಡಿನಿಂದ ಹೋಗಿ ಅಲ್ಲಿ ನೆಲೆಸಿದ ನೇಕಾರರು. ಬೈಗುಳವೇ ಆದರೂ ನನಗೆ ಕಣ್ಣು ತುಂಬಿಬಂತು. ಅವಳ ಜಗಲಿಯಲ್ಲೇ ಕೂತುಬಿಟ್ಟೆ.

"ಅಜ್ಜಿ, ಹೋದ ಸಲ ಬಂದಾಗ ಈ ಬಣ್ಣ ಇರ್ಲಿಲ್ವಲ್ಲ?"

"ಯಾವತ್ತು ಬಂದಿದ್ದೆ?"

"ಅಮಾವಾಸ್ಯೆ ದಿನ."

ಅವಳು ನೂಲು ಬಿಟ್ಟು ಹಣೆ ಚಚ್ಚಿಕೊಂಡಳು. "ಅಮಾಸೆ ದಿನ ನಾವು ಮಗ್ಗಾನೇ ಮುಟ್ಟಲ್ಲ, ಬಣ್ಣಕ್ಕೆ ಕೈ ಹಾಕ್ತೀವಾ? ಕನ್ನಡ ಮಾತಾಡ್ತೀಯ, ಅಷ್ಟೂ ತಿಳೀದಾ ನಿಂಗೆ?"

ತಿಳಿದಿತ್ತು, ಮಾರಾಯರೇ, ಚೆನ್ನಾಗಿಯೇ ತಿಳಿದಿತ್ತು. ನಾಳೆ ನೀರು ತುಂಬಲು ಹೊರಟಿದ್ದೇನೆ ಎಂದು ಹೇಳಿಕೊಳ್ಳಲು ಮನೆಯಲ್ಲಿ ಒಂದು ಜೀವವಿದ್ದು, ಆ ಜೀವ "ನಾಳೆ ಅಮಾಸೆ ಕಣೋ, ಹೋಗ್ಬೇಡ" ಎಂದಿದ್ದರೆ ಸಾಕಿತ್ತು. ಒಂಟಿತನವೆಂದರೆ ಸಂಜೆ ಹೊತ್ತಿನ ಬೇಸರ ಅಷ್ಟೇ ಎಂದುಕೊಂಡಿದ್ದವನು ನಾನು. ಅದು ಹಳ್ಳಿಗಳವರ ಕುಡಿಯುವ ನೀರಿನವರೆಗೂ ಹರಿದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮೇಲಧಿಕಾರಿಗೆ ಹೇಳಿದೆ. "ಪೋನದು ಪೋಚು, ವಿಟ್ಟುಡುಂಗೋ" ಎಂದರು, ಹೋದದ್ದು ಹೋಯಿತು, ಬಿಟ್ಟುಬಿಡಿ ಎಂದು. ಬಿಟ್ಟರೆ ಆ ಬಣ್ಣವೆಲ್ಲ ನೇರ ಒರತೆಗೆ. ನನ್ನ ಪರೀಕ್ಷೆಯೇ ತಪ್ಪು ಎಂದು ಬರೆದುಕೊಟ್ಟೆ. ಯೋಜನೆ ವಾಪಸು ಬಂತು, ಎಲ್ಲರೂ ಮೊದಲಿನಿಂದ ದುಡಿಯಬೇಕಾಯಿತು, ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ನನ್ನ ಪಕ್ಕದ ಕುರ್ಚಿಗಳು ಖಾಲಿ ಬಿದ್ದವು. ಬೇಜಾರಾಯಿತು, ಸುಳ್ಳೇಕೆ ಹೇಳಲಿ.

ಮತ್ತೆ ನೀರು ತುಂಬಲು ಹೋದಾಗ, ಬಣ್ಣದ ನೀರಿಗೆಂದೇ ಬೇರೆ ತೊಟ್ಟಿ ಬರೆಯುತ್ತೇವೆಂದು ಅಜ್ಜಿಗೆ ಹೇಳಿದೆ. ಅವಳಿಗೆ ತೊಟ್ಟಿಯ ಸುದ್ದಿ ಬೇಕಿರಲಿಲ್ಲ.

"ಮನೇಲಿ ಯಾರವ್ರೆ?"

"ಯಾರೂ ಇಲ್ಲ."

"ಹಂಗಾದ್ರೆ ಅಮಾಸೆಗೆ ಬಾ. ಅವತ್ತು ನಮ್ಗೂ ಕೆಲ್ಸ ಇರಲ್ಲ, ಕೂತು ಮಾತಾಡ್ಬೋದು."

ಮರುದಿನ ಕಚೇರಿಯಲ್ಲಿ ರಜೆಯ ಅರ್ಜಿ ಬರೆದೆ. ಕಾರಣ ಎಂಬಲ್ಲಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ, 'ನೆಂಟರ ಮನೆಗೆ' ಎಂದು ಬರೆದೆ.